ಮೂರು ಕಾಲಕ್ಕೂ ಒಂದೇ ಬನ್ನು

ಒಂದೇ ತಿಂಗಳಲ್ಲಿ ಇಂಗ್ಲಿಷಿಗೆ ಮಣ್ಣು ಮುಕ್ಕಿಸುತ್ತೇನೆ ಎಂದು ನಾನು ಶಪಥ ಮಾಡಿದ್ದು ನಮ್ಮ ಹೋಟೆಲಿನ ಮೆಟ್ಟಿಲ ಮೇಲೆ. ಶಪಥ ಮಾಡುವವರು ಸಾಮಾನ್ಯವಾಗಿ ಬಲಗೈ ಎತ್ತುತ್ತಾರೆ. ನನಗೆ ಆ ಅನುಕೂಲ ಇರಲಿಲ್ಲ. ಬಲಗೈಯಲ್ಲೊಂದು, ಎಡಗೈಯಲ್ಲೊಂದು ಸೂಟ್‌ಕೇಸು, ಬೆನ್ನ ಮೇಲೆ ಯಾವನೋ ಜರ್ಮನಿಯವನ ಚೀಲ. ಆದ್ದರಿಂದ ಹಲ್ಲು ಕಚ್ಚಿ ಶಪಥ ಮಾಡಿದೆ.

ಮೀಸೆ ಕಪ್ಪಗಿದ್ದಾಗಿನಿಂದ ನಾನು ಆ ಹೋಟೆಲಿನಲ್ಲಿ ಹೊರೆ ಹೊರುತ್ತಿದ್ದೇನೆ. ಕುಸ್ಕೋ ನಗರದಿಂದ ಒಂದು ಗಂಟೆ ದೂರದ ನಮ್ಮ ಪುಟ್ಟ ಊರಿನ ಚೌಕದಲ್ಲಿ ಚರ್ಚಿನ ಎದುರಿಗಿರುವ ಹೋಟೆಲು ಅದು. ಹೋಟೆಲಿಗೆ ಮೂರು ಅಂತಸ್ತು, ಲಿಫ್ಟು ಮಾತ್ರ ನಾನೇ! ಸ್ವಾಗತದ ಮೇಜಿನ ಹಿಂದೆ ಇದ್ದವರು ಎಲಿಸೇಯೋ ಅಜ್ಜ. ಅವರದ್ದೊಂದು ಕುರ್ಚಿ. ಅಯ್ಯೋ, ಆ ಕುರ್ಚಿ! ಕಂದು ಚರ್ಮದ್ದು, ಮೆತ್ತಗಿನದು, ಬೇಕಾದ ಕಡೆ ತಿರುಗುವಂಥದ್ದು. ನಾನು ಸೂಟ್‌ಕೇಸು ಹೊತ್ತು ಏದುಸಿರು ಬಿಡುತ್ತ ಮೆಟ್ಟಿಲು ಹತ್ತುವಾಗ ಅಜ್ಜ ಅದರಲ್ಲಿ ಕೂತು ಒಂದು ಸುತ್ತು ತಿರುಗಿ ನನ್ನನ್ನು ನೋಡುತ್ತಿದ್ದರು. ನನ್ನ ಹೊಟ್ಟೆಕಿಚ್ಚೂ ಅದರ ಜೊತೆಗೇ ಒಂದು ಸುತ್ತು ತಿರುಗುತ್ತಿತ್ತು.

ಆ ಅಜ್ಜ ಈಗ ಕೆಲಸ ಬಿಟ್ಟು ಮಗಳ ಮನೆ ಸೇರಿದ್ದರು. ಕುರ್ಚಿ ಖಾಲಿ!

ಹೋಟೆಲಿನ ಒಡತಿ ದೋನ್ಯಾ ಕ್ಲೊರಿಂದಾ ಎಲ್ಲರನ್ನೂ ಕರೆದು ಹೇಳಿದರು: "ನೋಡ್ರಪ್ಪಾ, ಎಲಿಸೇಯೋಗೆ ಬರ್ತಿದ್ದ ಇಂಗ್ಲಿಷು ಒಂದೇ ಒಂದು ಪದ, 'ಯೆಸ್'. ಬಿಸಿನೀರು ಬರುತ್ತಾ? ಯೆಸ್. ರೈಲು ಇದೆಯಾ? ಯೆಸ್. ಬಂದೋರು ಸ್ಟೇಷನ್ನಿಗೆ ಹೋಗಿ ಬರೀ ಹಳಿ ನೋಡ್ಕೊಂಡು ವಾಪಸ್ ಬಂದು ನನ್ನ ಮುಖಕ್ಕೆ ಉಗೀತಾರೆ. ನಂಗೆ ಸಾಕಾಗಿದೆ. ಜಾತ್ರೆಗೆ ನನ್ನ ಸೊಸೆ ಮೊರಾಗ್ ಸ್ಕಾಟ್ಲೆಂಡಿಂದ ಬರ್ತಾಳೆ. ಜಾತ್ರೆ ಮುಗಿದ ಸೋಮವಾರ ಅವಳೇ ಪರೀಕ್ಷೆ ಮಾಡ್ತಾಳೆ. ಪಾಸಾದೋರಿಗೆ ಕುರ್ಚಿ."

ನನ್ನ ಹೆಂಡತಿ ಮಾರ್ಸೆಲಿನಾ ಸಂತೆಯಲ್ಲಿ ಜೋಳದ ಕಡುಬು ಮಾರುತ್ತಾಳೆ. ನಾನು ಶಪಥದ ವಿಷಯ ಹೇಳಿದಾಗ ಅವಳು ಒಲೆಯಿಂದ ತಲೆಯೆತ್ತಲೂ ಇಲ್ಲ.

"ಪಾಪ, ಇಂಗ್ಲಿಷು ನಿನಗೇನು ಮಾಡಿತ್ತು?" ಎಂದಳು.

"ನಗಬೇಡ! ತಿಂಗಳು ಕಳೀಲಿ. ಆ ಕುರ್ಚೀಲಿ ಕೂತು ನಿನ್ನ ಕಡೆ ಹೀಗೆ ತಿರುಗಿ, 'ಏನಮ್ಮಾ, ರೂಮು ಬೇಕಾ?' ಅಂತ ಕೇಳ್ತೀನಿ."

"ನಾನು ಬೇಡ ಅಂತೀನಿ. ಪಕ್ಕದಲ್ಲಿ ನೀನು ಗೊರಕೆ ಹೊಡೆಯೋದಕ್ಕೆ ದುಡ್ಡು ಬೇರೆ ಕೊಡಬೇಕಾ?"

ಮಹಾಪುರುಷರ ಹೆಂಡಿರು ಹೀಗೇ ಎಂದು ಸಮಾಧಾನ ಮಾಡಿಕೊಂಡು ಸಂಜೆಯ ತರಗತಿಗೆ ಸೇರಿದೆ. ಚರ್ಚಿನ ಹಿಂದಿನ ಕೋಣೆಯಲ್ಲಿ ಸೊರಾಯ್ದಾ ಮಿಸ್ಸು ಪಾಠ ಹೇಳುತ್ತಿದ್ದರು. ಆಳು ಗಿಡ್ಡ, ದನಿ ಮಾತ್ರ ಚರ್ಚಿನ ಗಂಟೆ. ಅವರದ್ದೊಂದು ವಿಶೇಷ ಪದ್ಧತಿ. "ಬಾಯಿ ಮಾತ್ರ ಕಲಿತರೆ ಸಾಲದು, ಕೈಯೂ ಕಲೀಬೇಕು" ಎನ್ನುವರು. ಅಂದರೆ ಯಾವ ಕೆಲಸದ ಮಾತು ಆಡುತ್ತೀರೋ ಆ ಕೆಲಸ ಮಾಡುತ್ತಲೇ ಆಡಬೇಕು. ಮೊದಲು 'ಬಾಗಿಲು ತೆರೆಯುವೆನು' ಎನ್ನಬೇಕು. ಆಮೇಲೆ ತೆರೆಯುತ್ತಾ 'ತೆರೆಯುತ್ತಿದ್ದೇನೆ' ಎನ್ನಬೇಕು. ತೆರೆದಾದ ಮೇಲೆ 'ತೆರೆದೆನು'. ಎಲ್ಲವೂ ಇಂಗ್ಲಿಷಿನಲ್ಲಿ!

ಮನೆಯಲ್ಲಿ ನಾನು ಈ ಸಾಧನೆ ಶುರು ಮಾಡಿದೆ. ಜೂನ್ ತಿಂಗಳು, ನಮ್ಮಲ್ಲಿ ಎಲುಬು ಕೊರೆಯುವ ಚಳಿ. ನಾನು ಬಾಗಿಲು ತೆರೆಯುವೆನು, ತೆರೆಯುತ್ತಿದ್ದೇನೆ, ತೆರೆದೆನು. ಮುಚ್ಚುವೆನು, ಮುಚ್ಚುತ್ತಿದ್ದೇನೆ...

"ಅಯ್ಯೋ, ಮುಚ್ಚಿ ಸಾಯೋ!" ಒಳಗಿಂದ ಕೂಗು ಬಂತು. "ಬಾಗಿಲಾದರೂ ಮುಚ್ಚು, ಬಾಯಾದರೂ ಮುಚ್ಚು!"

ಬಾಗಿಲಿಗೆ ನಿಷೇಧ ಬಿದ್ದ ಮೇಲೆ ಆಲೂಗಡ್ಡೆಗೆ ಬಂದೆ. ಒಂದು ಕ್ರಿಯಾಪದಕ್ಕೆ ಮೂರು ಆಲೂಗಡ್ಡೆ ಖರ್ಚಾಗುತ್ತಿತ್ತು. ರಾತ್ರಿಯ ಸಾರಿಗೆ ಆಲೂಗಡ್ಡೆ ಹುಡುಕಿದ ಮಾರ್ಸೆಲಿನಾ, "ಎಲ್ಲಿ ಹೋಯ್ತು?" ಎಂದಳು. "ಭೂತಕಾಲಕ್ಕೆ ಹೋಯ್ತು" ಎಂದೆ. ಅಂದಿನಿಂದ ಅವಳು ತಿನ್ನುವ ಪದಾರ್ಥವನ್ನೆಲ್ಲ ಬೀಗ ಹಾಕಿಡತೊಡಗಿದಳು. ಇದನ್ನು ನೆನಪಿಟ್ಟುಕೊಳ್ಳಿ. ನನ್ನ ಮೇಲೆ ತಪ್ಪು ಹೊರಿಸುವ ಮುಂಚೆ ಆ ಬೀಗದ ಮೇಲೂ ಸ್ವಲ್ಪ ಹೊರಿಸಬೇಕಾಗುತ್ತದೆ.

ಆರನೆಯ ಪಾಠಕ್ಕೆ ಬಂದೆವು. ಸಾಮರ್ಥ್ಯದ ಪಾಠ! 'ನಿನಗೆ ಈಜಲು ಬರುತ್ತದೆಯೇ? ಯೆಸ್, ಐ ಕ್ಯಾನ್. ನಿನಗೆ ಹಾಡಲು ಬರುತ್ತದೆಯೇ? ಯೆಸ್, ಐ ಕ್ಯಾನ್.' ನಾನು ಹುಟ್ಟಿದ ಮೇಲೆ ಸ್ನಾನದ ನೀರು ಬಿಟ್ಟರೆ ಬೇರೆ ನೀರಿಗಿಳಿದವನಲ್ಲ. ಆದರೂ ಆ ಮಾತು ಬಾಯಿಗೆ ಬಂದೊಡನೆ ಎದೆ ಎರಡಿಂಚು ಅಗಲವಾಯಿತು.

"ಮಿಸ್, ಬರೋದಿಲ್ಲ ಅನ್ನೋದು ಹೇಗೆ?" ಎಂದು ಹಿಂದಿನ ಬೆಂಚಿನ ಯಾರೋ ಕೇಳಿದರು.

"ಅದು ಏಳನೇ ಪಾಠ. ಜಾತ್ರೆ ಆದ್ಮೇಲೆ. ಅಲ್ಲೀವರೆಗೂ ಯಾರೇನೇ ಕೇಳಲಿ, ಎಲ್ಲರೂ ಯೆಸ್, ಐ ಕ್ಯಾನ್!"

ಹೀಗೆ ನಾನು 'ಇಲ್ಲ' ಎಂಬ ಪದವಿಲ್ಲದ ಮನುಷ್ಯನಾಗಿ ಜಾತ್ರೆಯ ತಿಂಗಳಿಗೆ ಕಾಲಿಟ್ಟೆ. ಕುರಿ ತಾನಾಗಿಯೇ ಕತ್ತಿ ಮಸೆದುಕೊಂಡು ಹೊರಟ ಹಾಗೆ!

ಜಾತ್ರೆಯ ತಿಂಗಳೆಂದರೆ ನಮ್ಮೂರಲ್ಲಿ ಹುರ್ಕಾ ಬನ್ನಿನ ತಿಂಗಳು. ನಮ್ಮ ಚರ್ಚಿನ ಕಾರ್ಮೆನ್ ಮಾತೆಯ ಉತ್ಸವವನ್ನು ಪ್ರತಿವರ್ಷ ಒಬ್ಬ ಯಜಮಾನ ತಲೆಯ ಮೇಲೆ ಹೊತ್ತುಕೊಳ್ಳುತ್ತಾನೆ. ಒಬ್ಬನಿಂದ ಆಗುವ ಕೆಲಸವೇ ಅದು? ಆದ್ದರಿಂದ ತಟ್ಟೆಯಗಲದ ಸಿಹಿ ಬನ್ನನ್ನು ಕಸೂತಿ ಬಟ್ಟೆಯಲ್ಲಿ ಸುತ್ತಿಕೊಂಡು, ಜೊತೆಗೊಂದು ಸೋಂಪಿನ ಸಾರಾಯಿ ಬಾಟಲಿ ಹಿಡಿದು ಮನೆಮನೆಗೆ ಬರುತ್ತಾನೆ. ಬಂದವನು ಏನನ್ನೂ ಕೇಳುವುದಿಲ್ಲ. ಬನ್ನನ್ನು ಮೇಜಿನ ಮೇಲಿಟ್ಟು ಹವೆ, ಬೆಳೆ, ಮೊಣಕಾಲು ನೋವು ಮುಂತಾದ ಲೋಕವ್ಯವಹಾರ ಮಾತಾಡುತ್ತಾನೆ. ಮನೆಯವರು ಬನ್ನಿನ ಕಡೆ ನೋಡದೆ ಮಾತಾಡಬೇಕು. ಹೊರಡುವಾಗ 'ಈ ವರ್ಷ ಕ್ಷಮಿಸಿ' ಎಂದು ಬನ್ನನ್ನು ವಾಪಸು ಕೈಗಿಟ್ಟರೆ ಬಚಾವು. ಮುರಿದು ಬಾಯಿಗಿಟ್ಟರೋ, ಮುಗಿಯಿತು! ಅವನು ಏನು ಹೇಳಿದರೂ ಮಾಡಬೇಕು. ಕೋರ್ಟಿನ ಸಾಕ್ಷಿ ಸುಳ್ಳಾಗಬಹುದು, ಹೊಟ್ಟೆಗೆ ಹೋದ ಹುರ್ಕಾ ಬನ್ನು ಸುಳ್ಳಾಗುವುದಿಲ್ಲ.

ಹಿಂದಿನ ವರ್ಷ ನಾನು ಹೀಗೇ ಒಂದು ಬನ್ನು ತಿಂದ ತಪ್ಪಿಗೆ, ಮಾರ್ಸೆಲಿನಾ ಅಡುಗೆಮನೆಯ ಮೂಲೆಯಲ್ಲಿ ಸಾಕಿದ್ದ ಗಿನಿಯಿಲಿಗಳೆಲ್ಲ ಬ್ಯಾಂಡಿನವರ ಊಟಕ್ಕೆ ಹುರಿದುಹೋಗಿದ್ದವು. ಆದ್ದರಿಂದ ಆ ಭಾನುವಾರ ಸಂತೆಗೆ ಹೊರಟವಳು ಹೊಸ್ತಿಲಲ್ಲೇ ನಿಂತು ಬೆರಳು ತೋರಿಸಿ ಹೇಳಿದಳು:

"ಫಿದೆನ್ಸಿಯೋ, ಯಾರೇ ಬರಲಿ. ಸಾಕ್ಷಾತ್ ಪಾದ್ರಿಯವರೇ ಬರಲಿ. ಬನ್ನು ಮುಟ್ಟಿದರೆ ಕೈ ಮುರೀತೀನಿ."

"ನನ್ನೇನು ಮಗು ಅಂದ್ಕೊಂಡಿದ್ದೀಯಾ?"

"ಮಗು ಆಗಿದ್ದರೆ ಹೇಳ್ತಾನೇ ಇರಲಿಲ್ಲ. ಮಗು ಮಾತು ಕೇಳುತ್ತೆ."

ಅವಳು ಹೋದಳು. ನಾನು ಟೈ ಕಟ್ಟಿಕೊಂಡು ಕನ್ನಡಿಯ ಮುಂದೆ ನಿಂತು ಸಾಮರ್ಥ್ಯ ಪ್ರದರ್ಶಿಸುತ್ತಿದ್ದೆ. ಆಗ ಬಂದ ನಿಕಾಸಿಯೋ. ನನ್ನ ಮಗಳ ದೀಕ್ಷಾಸ್ನಾನದಲ್ಲಿ ಧರ್ಮತಂದೆಯಾಗಿ ನಿಂತವನು, ಅಂದರೆ ನನಗೆ ಕಂಪಾದ್ರೆ. ಒಡಹುಟ್ಟಿದವನಿಗೆ ಬಾಗಿಲು ಹಾಕಬಹುದು, ಕಂಪಾದ್ರೆಗೆ ಹಾಕುವ ಹಾಗಿಲ್ಲ. ಈ ವರ್ಷದ ಉತ್ಸವದ ಯಜಮಾನನೂ ಅವನೇ. ಕಂಕುಳಲ್ಲಿ ಕಸೂತಿ ಬಟ್ಟೆಯ ಗಂಟು, ಕೈಯಲ್ಲಿ ಸಾರಾಯಿ ಬಾಟಲಿ!

ಗಂಟನ್ನು ಬಿಚ್ಚಿ ಮೇಜಿನ ಮೇಲಿಟ್ಟ. ಹೊಂಬಣ್ಣದ ಬನ್ನು, ಮೇಲೆ ಎಳ್ಳು. ನಾನು ಸೂರಿನ ಕಡೆ ನೋಡಿದೆ. ಭೇಷ್, ಫಿದೆನ್ಸಿಯೋ!

"ಏನ್ ಚಳಿ ಕಂಪಾದ್ರೆ" ಎಂದ.

"ಭಾರಿ ಚಳಿ ಕಂಪಾದ್ರೆ" ಎಂದೆ.

"ಆಲೂಗಡ್ಡೆ ಹೇಗೆ ಬಂದಿದೆ?"

"ಬಂದಿದೆ. ಆದ್ರೆ ಬೀಗದೊಳಗಿದೆ."

"ಟೈ ಯಾಕೆ? ಯಾರಾದರೂ ತೀರಿಕೊಂಡ್ರಾ?"

ಇಲ್ಲಿ ನಾನು ಜಾರಿದೆ. ಯಾರಾದರೂ ನನ್ನ ಇಂಗ್ಲಿಷಿನ ಬಗ್ಗೆ ಕೇಳಲಿ ಎಂದು ತಿಂಗಳಿಂದ ಕಾಯುತ್ತಿದ್ದವನು ನಾನು. ಮನೆಯಲ್ಲಿ ಕೇಳುವವರಿಲ್ಲ, ಹೋಟೆಲಿನಲ್ಲಿ ಸ್ಪರ್ಧಿಗಳು. ಈಗ ನನ್ನದೇ ಮನೆಯಲ್ಲಿ, ಎದ್ದುಹೋಗಲಾಗದ ಒಬ್ಬ ಪ್ರೇಕ್ಷಕ!

"ಕಂಪಾದ್ರೆ, ಸುಮ್ನೆ ಕೂತ್ಕೋ. ಮೂರು ಕಾಲಗಳನ್ನೂ ನಿನ್ನ ಕಣ್ಣೆದುರಿಗೇ ತಂದು ನಿಲ್ಲಿಸ್ತೀನಿ" ಎಂದೆ. ಕ್ರಿಯಾಪದ ಬೇಕಿತ್ತು, 'ತಿನ್ನು' ಸಿಕ್ಕಿತು. ತಿನ್ನಲು ಪದಾರ್ಥ ಬೇಕಿತ್ತು. ಆಲೂಗಡ್ಡೆಗೆ ಬೀಗ. ಕಣ್ಣು ಮೇಜಿನ ಮೇಲಾಡಿತು. ವಿದ್ಯೆಯ ಅಮಲು ಎನ್ನುವುದು ಸಾರಾಯಿಗಿಂತ ಕೆಟ್ಟದ್ದು ನೋಡಿ! ನನಗೆ ಆ ಗಳಿಗೆಯಲ್ಲಿ ಕಂಡದ್ದು ಹುರ್ಕಾ ಅಲ್ಲ, ಬರೀ ಒಂದು ಕರ್ಮಪದ.

ಎದೆ ಸೆಟೆಸಿ, ಬನ್ನನ್ನು ಕೈಗೆತ್ತಿಕೊಂಡು ಇಂಗ್ಲಿಷಿನಲ್ಲಿ ಘೋಷಿಸಿದೆ: "ನಾನು ಬನ್ನನ್ನು ತಿನ್ನುವೆನು."

ನಿಕಾಸಿಯೋ ಕುರ್ಚಿಯ ತುದಿಗೆ ಬಂದ.

ಮುರಿದು ಬಾಯಿಗಿಟ್ಟೆ. "ನಾನು ಬನ್ನನ್ನು ತಿನ್ನುತ್ತಿದ್ದೇನೆ."

ನಿಕಾಸಿಯೋ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡ. ಅವನ ಕಣ್ಣು ತೇವವಾಯಿತು. ನನ್ನ ಉಚ್ಚಾರಣೆ ಅಷ್ಟು ಹೃದಯಸ್ಪರ್ಶಿಯಾಗಿದೆ ಎಂದು ನನಗೂ ಗೊತ್ತಿರಲಿಲ್ಲ!

ನುಂಗಿದೆ. "ನಾನು ಬನ್ನನ್ನು ತಿಂದೆನು!"

"ಕಂಪಾದ್ರೆ!" ಎಂದು ಕೂಗಿ ನಿಕಾಸಿಯೋ ನನ್ನನ್ನು ಎತ್ತಿ ಅಪ್ಪಿಕೊಂಡ. "ನೀನು ಬೇಡ ಅಂತೀಯ ಅಂತಾನೇ ಅಂದ್ಕೊಂಡು ಬಂದಿದ್ದೆ ಕಣೋ! ಬೇರೆ ಮನೆಯೋರು ಒಂದು ಚೂರು ತಿಂದು ಸುಮ್ಮನಾಗ್ತಾರೆ. ನೀನು ಭಾಷಣ ಮಾಡಿ ತಿಂದೆಯಲ್ಲೋ! ದೆವ್ವದ ಕುಣಿತಕ್ಕೆ ಒಬ್ಬ ಕಮ್ಮಿ ಇದ್ದ. ದೇವರ ದಯ, ದೆವ್ವ ಸಿಕ್ತು!"

ನುಂಗಿದ್ದನ್ನು ಇನ್ನು ಉಗುಳುವ ಹಾಗಿರಲಿಲ್ಲ.

ನಮ್ಮ ದೆವ್ವಗಳ ಕೆಲಸ ಗೊತ್ತಲ್ಲ? ಕೊಂಬಿನ ಮುಖವಾಡ, ಬಣ್ಣದ ಜುಬ್ಬಾ ಹಾಕಿಕೊಂಡು ಚೌಕದ ಸುತ್ತಲಿನ ಮನೆಗಳ ಹೆಂಚಿನ ಮೇಲೆ ಹತ್ತಬೇಕು. ಅಲ್ಲಿಂದ ಮಾತೆಯ ಮೆರವಣಿಗೆಯನ್ನು ಕೆಣಕಿ ಕುಣಿಯಬೇಕು. ಮಾತೆ ಎದುರಿಗೆ ಬಂದಾಗ ನಾಚಿ ಮುಖ ಮುಚ್ಚಿಕೊಳ್ಳಬೇಕು. ಇಪ್ಪತ್ತರ ಹುಡುಗರ ಕೆಲಸ. ನನಗೆ ಸ್ಟೂಲು ಹತ್ತಿದರೆ ತಲೆ ಸುತ್ತುತ್ತದೆ!

"ಹೆಂಚಿನ ಮೇಲೆ ಕುಣಿಯೋಕೆ ಬರುತ್ತಲ್ಲ ಕಂಪಾದ್ರೆ?" ಎಂದು ನಿಕಾಸಿಯೋ ಹೊಸ್ತಿಲಲ್ಲಿ ನಿಂತು ಕೇಳಿದ.

ನಾಲಿಗೆಗೆ ತಿಂಗಳ ಅಭ್ಯಾಸ. "ಯೆಸ್, ಐ ಕ್ಯಾನ್" ಎಂದಿತು.

ಮಾರ್ಸೆಲಿನಾ ಬಂದಾಗ ಮೇಜಿನ ಮೇಲೆ ಅರ್ಧ ಬನ್ನು, ಅದರ ಪಕ್ಕದಲ್ಲಿ ಪೂರ್ತಿ ನಾನು. ಅವಳು ಬುಟ್ಟಿ ಇಳಿಸಿದಳು.

"ಯಾರ ಬನ್ನು?"

"ನಿಕಾಸಿಯೋದು."

"ಉಳಿದರ್ಧ?"

"ಅಭ್ಯಾಸಕ್ಕೆ ಬೇಕಾಯ್ತು."

"ಏನಾಗ್ಬೇಕು ನೀನು? ಅಡುಗೆಯವನಾ, ಬಾಣಬಿರುಸಿನವನಾ?"

"ದೆವ್ವ."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಸದ್ಯ, ಮುಖವಾಡದ ಖರ್ಚು ಉಳೀತು" ಎಂದು ಒಳಗೆ ಹೋದಳು. ಅಷ್ಟೇ ಆಗಿದ್ದರೆ ನಾನು ಈ ಕತೆ ಹೇಳುತ್ತಿರಲಿಲ್ಲ. ಅವಳು ಒಳಗೆ ಹೋಗಿ ಪಾತ್ರೆಗಳನ್ನು ಎತ್ತಿ ಇಡುವ ಸದ್ದು ಇತ್ತಲ್ಲ, ಅದನ್ನು ಕೇಳಿ ನಾನೇ ಇದನ್ನು ಸರಿಮಾಡಬೇಕು ಎಂದು ತೀರ್ಮಾನಿಸಿದೆ. ಕೆಟ್ಟ ಮೇಲೆ ಬುದ್ಧಿ ಬರುತ್ತದೆ ಎನ್ನುತ್ತಾರೆ. ನನಗೆ ಬಂದದ್ದು ಅದಲ್ಲ, ಉಪಾಯ.

ತಿಂದದ್ದು ಒಂದು ಬನ್ನು. ಅದೇ ಅಳತೆಯ ಇನ್ನೊಂದನ್ನು ವಾಪಸು ಕೊಟ್ಟರೆ ಲೆಕ್ಕ ತೀರಿತಲ್ಲ? ಇಷ್ಟು ಸುಲಭದ ದಾರಿ ನಮ್ಮ ಹಿರಿಯರಿಗೆ ಹೊಳೆದೇ ಇರಲಿಲ್ಲವಲ್ಲ ಎಂದು ಅವರ ಬಗ್ಗೆ ಮರುಕವೂ ಆಯಿತು! ಮಾರನೆಯ ಬೆಳಿಗ್ಗೆ ಬೇಕರಿಯ ಒಲೆಯ ಮುಂದೆ ನಿಂತು ಬಿಸಿ ಬಿಸಿ ಬನ್ನು ತಂದೆ. ಬರಿಗೈಲಿ ಹಿಡಿದರೆ ಸುಡುತ್ತದೆಂದು ಮನೆಯ ಕಸೂತಿ ಬಟ್ಟೆಯಲ್ಲಿ ಸುತ್ತಿದೆ. ಬನ್ನೊಂದನ್ನೇ ಕೊಟ್ಟರೆ ಮರ್ಯಾದೆಯಲ್ಲವೆಂದು ಅವನು ತಂದಿದ್ದ ಸಾರಾಯಿ ಬಾಟಲಿಯನ್ನೂ ಹಿಡಿದುಕೊಂಡೆ. ಹೆಂಡತಿಗೆ ಹೇಳಲಿಲ್ಲ. ಅಚ್ಚರಿ ಪಡಿಸೋಣವೆಂದು!

ನಿಕಾಸಿಯೋ ಮನೆಯ ನಡುಮನೆಯಲ್ಲಿ ಉತ್ಸವ ಸಮಿತಿಯ ಹಿರಿಯರೆಲ್ಲ ಕೂತು ಮುಂದಿನ ವರ್ಷದ ಯಜಮಾನ ಯಾರು ಎಂದು ತಲೆ ಕೆರೆದುಕೊಳ್ಳುತ್ತಿದ್ದರು. ಯಾರೂ ಮುಂದೆ ಬಂದಿರಲಿಲ್ಲವಂತೆ. ನಾನು ನೇರ ಒಳಗೆ ಹೋಗಿ, ಕಸೂತಿ ಬಟ್ಟೆ ಬಿಚ್ಚಿ, ಬನ್ನನ್ನು ಮೇಜಿನ ಮಧ್ಯೆ ಇಟ್ಟು, ಪಕ್ಕದಲ್ಲಿ ಬಾಟಲಿ ನಿಲ್ಲಿಸಿದೆ.

ಎಲ್ಲರ ಕಣ್ಣೂ ಬನ್ನಿನ ಮೇಲೆ ನೆಟ್ಟಿತು. ಬನ್ನು ಹಿಡಿದು ಮನೆಗೆ ಬರುವವನು ಯಾರು ಹೇಳಿ? ಯಜಮಾನ! ಮೆದುಳಿಗೆ ಅದು ತಲುಪಿ ನಾನು ಬಾಯಿ ತೆರೆಯುವಷ್ಟರಲ್ಲಿ ಅವರೆಲ್ಲ ಬಾಯಿ ತೆರೆದಾಗಿತ್ತು. ನಿಕಾಸಿಯೋನ ತಾಯಿ ಅಸುಂತಾ ಅಜ್ಜಿಯ ಹಲ್ಲಿಲ್ಲದ ಬಾಯಿಗೆ ಮೊದಲ ಚೂರು ಹೋಯಿತು.

"ಮಾತೆ ನಿನ್ನ ಹೊಟ್ಟೆ ತಣ್ಣಗಿಡಲಪ್ಪಾ" ಎಂದು ಅಜ್ಜಿ ನನ್ನ ಕೆನ್ನೆ ಸವರಿದಳು. "ಮುಂದಿನ ವರ್ಷದ ಹೊರೆ ನೀನೇ ಹೊರ್ತೀಯಲ್ಲ, ಆಗುತ್ತೇನಪ್ಪ ನಿನ್ನ ಕೈಲಿ?"

ನಾನು ಉತ್ತರಿಸುವ ಮುಂಚೆಯೇ ಒಬ್ಬರು ಬ್ಯಾಂಡು ನನ್ನದು ಎಂದರು, ಒಬ್ಬರು ಮೇಣದಬತ್ತಿ ನನ್ನದು ಎಂದರು, ಇಡೀ ಬನ್ನು ಖಾಲಿಯಾಯಿತು. ಹೊರೆ ಹೊರುವುದನ್ನು ತಪ್ಪಿಸಿಕೊಳ್ಳಲು ಇಂಗ್ಲಿಷ್ ಕಲಿಯಲು ಹೋದವನು ಊರಿನ ಹೊರೆಯನ್ನೇ ಹೊತ್ತುಕೊಂಡು ಮನೆಗೆ ಬಂದೆ. ಬನ್ನು ತಿಂದೂ ಬನ್ನ, ಬನ್ನು ಕೊಟ್ಟೂ ಬನ್ನ!

ಮಾರ್ಸೆಲಿನಾಗೆ ನಾನು ಹೇಳುವ ಮುಂಚೆಯೇ ಸಂತೆಯವರು ಅಭಿನಂದನೆ ಹೇಳಿ ಕಳಿಸಿದ್ದರು. ಅವಳು ಕೂಗಾಡಲಿಲ್ಲ. ಅದಕ್ಕೇ ನಾನು ಬಾಗಿಲ ಕಡೆ ಒಂದು ಹೆಜ್ಜೆ ಸರಿದೆ.

"ತಿಂದು ದೆವ್ವ ಆದೆ" ಎಂದಳು ನಿಧಾನವಾಗಿ. "ಕೊಟ್ಟು ಯಜಮಾನ ಆದೆ. ಇನ್ನೊಂದು ಬನ್ನಿನ ಕಡೆ ತಿರುಗಿ ನೋಡು, ನಾನು ವಿಧವೆ ಆಗ್ತೀನಿ."

"ಕುರ್ಚಿ ಸಿಗಲಿ ಮಾರ್ಸೆಲಿನಾ, ಎಲ್ಲ ಸರಿಹೋಗುತ್ತೆ."

"ಸಿಗದೆ ಇದ್ರೆ?"

ನಿಜ ಹೇಳುತ್ತೇನೆ, ಆ ಹೊತ್ತು ನನಗೆ ಭಯವಾಯಿತು. ಯಜಮಾನಿಕೆ ಹೊತ್ತ ಮನೆಗೆ ಹೊರೆಯಾಳಿನ ಸಂಬಳ ಯಾವ ಮೂಲೆಗೆ ಸಾಲುತ್ತದೆ? ಇನ್ನು ಕುರ್ಚಿ ಸಿಗಲೇಬೇಕಿತ್ತು.

ಜಾತ್ರೆಯ ದಿನ ಬಂತು. ನಮ್ಮ ಮನೆ ಚೌಕದ ಮೂಲೆಯಲ್ಲೇ ಇರುವುದರಿಂದ ನನ್ನದೇ ಹೆಂಚಿನ ಮೇಲೆ ನಾನು ದೆವ್ವ ಎಂದು ತೀರ್ಮಾನವಾಗಿತ್ತು. ಏಣಿ ಹಾಕಿ, ಕಣ್ಣು ಮುಚ್ಚಿ, ಸೋಂಪಿನ ಸಾರಾಯಿಯ ಬೆಂಬಲದಿಂದ ಹತ್ತಿದೆ. ಸೂರಿನ ನೆತ್ತಿಯ ಮೇಲೆ ಮನೆ ಕಾಯುವ ಮಣ್ಣಿನ ಜೋಡಿ ಎತ್ತುಗಳಿದ್ದವು, ಮಾರ್ಸೆಲಿನಾಳ ತಂದೆ ಕೂರಿಸಿದ್ದವು. ಬಲಗಡೆಯ ಎತ್ತಿನ ಕತ್ತನ್ನು ತಬ್ಬಿಕೊಂಡು ಕೂತೆ. ಕೆಳಗೆ ಬ್ಯಾಂಡು, ಪಟಾಕಿ, ಜನಸಾಗರ. ಮೆರವಣಿಗೆಯ ಛತ್ರಿಗೆ ವಿದ್ಯುತ್ ತಂತಿ ತಾಗುತ್ತದೆಂದು, ತಂತಿ ಎತ್ತಿ ಹಿಡಿಯಲು ಯಾರೋ ನನ್ನ ಏಣಿಯನ್ನೇ ಹೊತ್ತುಕೊಂಡು ಹೋದರು! ಕೂಗಿದೆ. ದೆವ್ವ ಕೂಗಿದರೆ ಯಾರು ಹೆದರುತ್ತಾರೆ? ಎಲ್ಲರೂ ಚಪ್ಪಾಳೆ ತಟ್ಟಿದರು.

ನಮ್ಮ ಮನೆಯ ಪಕ್ಕಕ್ಕೇ ಹೋಟೆಲಿನ ಬಾಲ್ಕನಿ. ಅಲ್ಲಿ ದೋನ್ಯಾ ಕ್ಲೊರಿಂದಾ, ಅವರ ಪಕ್ಕದಲ್ಲಿ ಕೆಂಪು ಕೂದಲಿನ ಹೆಂಗಸೊಬ್ಬಳು ಕ್ಯಾಮೆರಾ ಹಿಡಿದು ನಿಂತಿದ್ದಳು. ಮೊರಾಗ್! ನನ್ನ ಪರೀಕ್ಷಕಿ! ಮುಖವಾಡದೊಳಗೆ ನಾನು ಯಾರೆಂದು ಅವಳಿಗೆ ಗೊತ್ತಿಲ್ಲ. ಅವಳು ಖುಷಿಯಿಂದ ಇಂಗ್ಲಿಷಿನಲ್ಲಿ ಕೂಗಿದಳು, "ನಿನಗೆ ಕುಣಿಯೋಕೆ ಬರುತ್ತಾ?"

ಆಹಾ, ಆರನೆಯ ಪಾಠ! ಪ್ರತಿ ಅಕ್ಷರವೂ ಅರ್ಥವಾಯಿತು. ಆ ಸಂತೋಷದಲ್ಲಿ ಎತ್ತರವೂ ಮರೆತುಹೋಯಿತು. "ಯೆಸ್, ಐ ಕ್ಯಾನ್!" ಎಂದು ಎದ್ದು ಕುಣಿದೆ. ಎರಡು ಹೆಂಚು ಜಾರಿದವು.

"ಹಾರೋಕೆ ಬರುತ್ತಾ?"

"ಯೆಸ್, ಐ ಕ್ಯಾನ್!" ಹಾರಿದೆ. ಎತ್ತಿನ ಕೊಂಬು ನನ್ನ ಕೈಗೆ ಬಂತು, ಎತ್ತು ಅಲ್ಲೇ ಉಳಿಯಿತು. ಕೆಳಗಿನಿಂದ ಮಾರ್ಸೆಲಿನಾಳ ದನಿ ಬ್ಯಾಂಡನ್ನೂ ಮೀರಿ ಕೇಳಿಸಿತು. "ಅಯ್ಯೋ ಪಾಪಿ! ನಮ್ಮಪ್ಪನ ಎತ್ತು!"

"ಇನ್ನೂ ಸ್ವಲ್ಪ ಹತ್ತಿರ ಬರೋಕಾಗುತ್ತಾ? ಒಂದು ಫೋಟೋ!"

"ಯೆಸ್, ಐ ಕ್ಯಾನ್!" ಈ ಸಲ ನಾನು ಹೋಗಲಿಲ್ಲ, ಹೆಂಚುಗಳೇ ಕರೆದುಕೊಂಡು ಹೋದವು. ಸರ್ರನೆ ಜಾರಿ ಸೂರಿನ ಅಂಚಿಗೆ ಬಂದು ಹೊಟ್ಟೆಯಡಿಯಾಗಿ ನಿಂತೆ. ಕಾಲು ಎರಡೂ ಗಾಳಿಯಲ್ಲಿ. ಕೈಯಲ್ಲಿ ಒಂದು ಮಣ್ಣಿನ ಕೊಂಬು.

ಮೊರಾಗ್‌ಳ ನಗು ನಿಂತಿತು. "ಕೆಳಗೆ ಇಳಿಯೋಕೆ ಬರುತ್ತಾ ನಿನಗೆ?" ಎಂದು ಗಾಬರಿಯಿಂದ ಕೇಳಿದಳು.

ಬಾಯಿ 'ಯೆ' ಎನ್ನುವಷ್ಟು ತೆರೆಯಿತು. ಆಗ ಕೆಳಗೆ ನೋಡಿದೆ. ನೆಲ ಇತ್ತು, ಬಹಳ ಕೆಳಗೆ ಇತ್ತು. ಏಳನೆಯ ಪಾಠವನ್ನು ಯಾರೂ ಹೇಳಿಕೊಡದಿದ್ದರೂ ಅದು ನನ್ನ ಕರುಳಿನಿಂದಲೇ ಎದ್ದು ಬಂತು. ಭಯಕ್ಕಿಂತ ದೊಡ್ಡ ಮೇಷ್ಟರಿಲ್ಲ!

"ನೋ!" ಎಂದು ಚೌಕವೇ ನಡುಗುವಂತೆ ಕಿರುಚಿದೆ. "ನೋ! ಐ ಕಾಂಟ್! ನಿನ್ನೆಯೂ ಆಗುತ್ತಿರಲಿಲ್ಲ! ಇವತ್ತೂ ಆಗುವುದಿಲ್ಲ! ನಾಳೆಯೂ ಆಗುವುದಿಲ್ಲ!" ಮೂರು ಕಾಲವೂ ಶುದ್ಧ ಇಂಗ್ಲಿಷಿನಲ್ಲಿ, ಒಂದೂ ತಪ್ಪಿಲ್ಲದೆ!

ಮೂರು ಕಾಲ ಮುಗಿಯಿತು, ಎರಡು ಕೈ ಬಿಟ್ಟಿತು. ಅಟ್ಟದಿಂದ ಬಿದ್ದವನಿಗೆ ದಡಿಗೆಯಿಂದ ಹೇರಿದರು ಎಂಬ ಗಾದೆ ಇದೆ. ನನಗೆ ದಡಿಗೆಯ ಬದಲು ಡೋಲು ಸಿಕ್ಕಿತು. ಬ್ಯಾಂಡಿನವರ ದೊಡ್ಡ ಡೋಲಿನ ಮೇಲೆ ನೆಟ್ಟಗೆ ಕೂತ ಭಂಗಿಯಲ್ಲೇ ಬಿದ್ದೆ. ಢಮ್ಮ್! ಆ ದಿನ ಬ್ಯಾಂಡಿನಲ್ಲಿ ತಾಳಕ್ಕೆ ಸರಿಯಾಗಿ ಬಿದ್ದ ಪೆಟ್ಟು ಅದೊಂದೇ ಎಂದು ಆಮೇಲೆ ಎಲ್ಲರೂ ಹೊಗಳಿದರು. ಡೋಲಿನ ಚರ್ಮ ಹರಿಯಿತು, ನನ್ನದು ಉಳಿಯಿತು, ಒಳಗಿನ ಬಾಲದ ಎಲುಬು ಮಾತ್ರ ಬಿರುಕು ಬಿಟ್ಟಿತು.

ಮಾರ್ಸೆಲಿನಾ ಗುಂಪು ಸೀಳಿಕೊಂಡು ಓಡಿ ಬಂದಳು. ಬೈಯುತ್ತಾಳೆಂದುಕೊಂಡೆ. ಮುಖವಾಡ ಕಿತ್ತೆಸೆದು, ನನ್ನ ತಲೆ, ಕೈ, ಕಾಲು ಎಲ್ಲ ಮುಟ್ಟಿ ನೋಡಿದಳು. "ಬದುಕಿದ್ದೀಯಾ?" ಎಂದಳು. ಹೂಂ ಎಂದೆ. ಆಮೇಲೆ ಬೈದಳು.

ಸೋಮವಾರ ಪರೀಕ್ಷೆಗೆ ನಾನು ಹೋಗಲಿಲ್ಲ. ಮಂಚದ ಮೇಲೆ ಬೋರಲು ಮಲಗಿ, ಕುರ್ಚಿಗೆ ಮನಸ್ಸಿನಲ್ಲೇ ಕೊನೆಯ ನಮಸ್ಕಾರ ಹೇಳುತ್ತಿದ್ದೆ. ಆಗ ಬಾಗಿಲಲ್ಲಿ ದೋನ್ಯಾ ಕ್ಲೊರಿಂದಾ, ಹಿಂದೆ ಮೊರಾಗ್!

"ಪರೀಕ್ಷೆ ಮುಗೀತು ಫಿದೆನ್ಸಿಯೋ" ಎಂದರು ಒಡತಿ.

"ಗೊತ್ತು ದೋನ್ಯಾ. ಯಾರು ಪಾಸಾದ್ರು?"

"ನೀನೇ ಕಣಯ್ಯಾ! ನನ್ನ ಸೊಸೆ ಬಂದು ವಾರ ಆಯ್ತು. ನಮ್ಮ ಹೋಟೆಲಲ್ಲಿ, ಈ ಊರಲ್ಲಿ ಏನು ಕೇಳಿದರೂ ಎಲ್ಲರೂ ಯೆಸ್ ಅಂದರಂತೆ. ಬಿಸಿನೀರಿಗೆ ಯೆಸ್, ವೈಫೈಗೆ ಯೆಸ್. ಒಂದೂ ಬರಲಿಲ್ಲ. ನೆಟ್ಟಗೆ 'ಆಗೋದಿಲ್ಲ' ಅಂತ ಇಂಗ್ಲಿಷಲ್ಲಿ ಹೇಳಿದ ಮೊದಲ ಪ್ರಾಮಾಣಿಕ ಮನುಷ್ಯ ಸೂರಿಂದ ನೇತಾಡ್ತಿದ್ದವನು ಅಂತಾಳೆ! ಕುರ್ಚಿ ನಿನ್ನದು. ಮುಂದಿನ ವಾರದಿಂದ ಬಾ."

ನಾನು ಆನಂದದಿಂದ ಎದ್ದು ಕೂರಲು ಹೋಗಿ, ಕಿರುಚಿ, ಮತ್ತೆ ಬೋರಲಾದೆ.

ಕೆಲಸದ ಮೊದಲ ದಿನ. ಟೈ ಕಟ್ಟಿ, ಮೀಸೆ ತಿದ್ದಿ ಮೇಜಿನ ಹಿಂದೆ ಹೋದೆ. ಅಲ್ಲಿತ್ತು ಕುರ್ಚಿ. ಕಂದು ಚರ್ಮ, ಮೆತ್ತಗಿನ ದಿಂಬು. ಬೆರಳಿನಿಂದ ಒಂದು ಸುತ್ತು ತಿರುಗಿಸಿದೆ. ಗಾಳಿಯಂತೆ ತಿರುಗಿತು. ಅದರ ಪಕ್ಕದಲ್ಲಿ ನಾನು ಕಂಬದಂತೆ ನಿಂತುಕೊಂಡೆ.

ಮೊರಾಗ್ ಹಾದುಹೋಗುವಾಗ, "ಯಾಕೆ, ಕೂರೋದಿಲ್ಲವಾ?" ಎಂದು ಕೇಳಿದಳು.

"ಮೊದಲು ಕೂರಲು ಆಗುತ್ತಿತ್ತು" ಎಂದೆ ಇಂಗ್ಲಿಷಿನಲ್ಲಿ. "ತಿಂಗಳು ಬಿಟ್ಟು ಮತ್ತೆ ಆಗುತ್ತದೆ, ಡಾಕ್ಟರು ಹೇಳಿದ್ದಾರೆ. ಈಗ ಆಗುವುದಿಲ್ಲ." ಸೊರಾಯ್ದಾ ಮಿಸ್ಸು ಕೇಳಿದ್ದರೆ ಆನಂದಬಾಷ್ಪ ಸುರಿಸುತ್ತಿದ್ದರು. ನನಗೂ ಕಣ್ಣಲ್ಲಿ ನೀರು ಬಂತು, ಬೇರೆ ಕಾರಣಕ್ಕೆ.

ಅಷ್ಟರಲ್ಲಿ ಮಾರ್ಸೆಲಿನಾ ಒಳಗೆ ಬಂದಳು. ತಲೆಯ ಮೇಲೆ ಹಬ್ಬದ ಟೋಪಿ, ಕೈಯಲ್ಲಿ ಕಸೂತಿ ಬಟ್ಟೆ ಮುಚ್ಚಿದ ಬುಟ್ಟಿ. ನನ್ನನ್ನು ನೋಡಿದಳು, ಖಾಲಿ ಕುರ್ಚಿಯನ್ನು ನೋಡಿದಳು. ಏನೂ ಕೇಳದೆ ಮೇಜು ಸುತ್ತಿ ಬಂದು ಕುರ್ಚಿಯಲ್ಲಿ ಕೂತಳು. ಒಂದು ಸುತ್ತು ತಿರುಗಿದಳು. ಚೆನ್ನಾಗಿದೆ ಎಂಬಂತೆ ತಲೆಯಾಡಿಸಿದಳು.

"ಏಳೇ, ಯಾರಾದ್ರೂ ನೋಡ್ತಾರೆ!"

"ನೋಡಲಿ. ಬೆಳಗಿಂದ ತಿರುಗೀ ತಿರುಗೀ ನನ್ನ ಕಾಲು ಬಿದ್ದುಹೋಗಿದೆ. ಮುಂದಿನ ವರ್ಷದ ಯಜಮಾನಿಕೆ ಯಾರದು, ನಿನ್ನ ತಾತಂದಾ? ಈಗಿಂದಲೇ ಮನೆಮನೆ ತಿರುಗದೆ ಇದ್ದರೆ ಆಗುತ್ತಾ?" ಎಂದು ಬುಟ್ಟಿಯ ಬಟ್ಟೆ ಸರಿಸಿದಳು. ಒಳಗೆ ಹೊಂಬಣ್ಣದ ಬನ್ನುಗಳು, ಮೇಲೆ ಎಳ್ಳು. ಪರಿಮಳ ಕೋಣೆಯೆಲ್ಲ ತುಂಬಿತು.

ಮೊರಾಗ್‌ಳ ಮೂಗು ಅರಳಿತು. ಬುಟ್ಟಿಯ ಕಡೆ ಕೈಚಾಚಿ, "ಒಂದು ತಗೋಬಹುದಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ನನ್ನ ಹೆಂಡತಿ ಇಂಗ್ಲಿಷಿನ ತರಗತಿಯ ಬಾಗಿಲನ್ನೂ ಕಂಡವಳಲ್ಲ. ಆದರೆ ಒಂದು ತಿಂಗಳು ಅಡುಗೆಮನೆಯ ಗೋಡೆಯಾಚೆಯಿಂದ ನನ್ನ ಪಾಠ ಕೇಳಿದ್ದಳು. ಬೆಣ್ಣೆಯಂಥ ನಗು ನಕ್ಕು, "ಯೆಸ್, ಯು ಕ್ಯಾನ್!" ಎಂದಳು.

"ಬೇ..." ಎಂದು ನಾನು ಬಾಯಿ ತೆರೆದೆ. ಮಾರ್ಸೆಲಿನಾ ಕುರ್ಚಿಯನ್ನು ನನ್ನ ಕಡೆ ತಿರುಗಿಸಿ ನೋಡಿದಳು. ಮುಚ್ಚಿದೆ. ಮೊರಾಗ್ ಬನ್ನು ಮುರಿದಳು, ಬಾಯಿಗಿಟ್ಟಳು, ಕಣ್ಣು ಮುಚ್ಚಿ ಸವಿದು ನುಂಗಿದಳು.

ನನ್ನ ಹೆಂಡತಿ ಬುಟ್ಟಿಗೆ ಬಟ್ಟೆ ಮುಚ್ಚುತ್ತ, ನನಗೆ ಮಾತ್ರ ಕೇಳುವಂತೆ ಹೇಳಿದಳು:

"ಮುಂದಿನ ವರ್ಷದ ದೆವ್ವ ಸಿಕ್ತು ಬಿಡು. ಇವಳಿಗಾದ್ರೆ ಹತ್ತೋಕೂ ಬರುತ್ತೆ, ಇಳಿಯೋಕೂ ಬರುತ್ತೆ!"